ಏಳನೇ ಕಿಲೋಮೀಟರಿನಲ್ಲಿ ನಿಲ್ಲುತ್ತಿದ್ದ ಬೈಕು

ನನ್ನ ಅಂಗಿಯ ಜೇಬಿನ ಒಳಮಗ್ಗುಲಲ್ಲಿ ಯಾವಾಗಲೂ ಒಂದು ಹೊಲಿಗೆ ಸೂಜಿ ಸಿಕ್ಕಿಸಿಕೊಂಡಿರುತ್ತದೆ. ದಾರವಿಲ್ಲ, ಬರೇ ಸೂಜಿ. ಮೊನ್ನೆ ಬಟ್ಟೆಗಳನ್ನು ಮೆಷಿನ್ನಿಗೆ ಹಾಕುವಾಗ ಅದು ನನ್ನ ಹೆಂಡತಿ ವಾರಿಜಳ ಹೆಬ್ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದವಳು, ಗುಂಡಿ ಹೊಲಿಯಲು ಬಾರದ ಗಂಡಸಿಗೆ ಸೂಜಿ ಯಾತಕ್ಕೆ ಎಂದು ಕೇಳಿದಳು. ಕಾರಣ ಅವಳಿಗೆ ಗೊತ್ತಿಲ್ಲವೆಂದಲ್ಲ. ನನ್ನ ಬಾಯಿಂದ ಇನ್ನೊಮ್ಮೆ ಹೇಳಿಸಬೇಕೆಂಬ ಆಸೆ ಅಷ್ಟೆ. ಅದು ನಾನು ದಡ್ಡನಾದ ಕಥೆ. ಗಂಡ ದಡ್ಡನಾದ ಕಥೆ ಯಾವ ಹೆಂಡತಿಗೆ ತಾನೇ ಹಳತಾಗುತ್ತದೆ? ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬೇರೆ ಎಲ್ಲಾದರೂ ಹೋದರೆ ಕರೆದು ತನ್ನಿ, ನನ್ನ ಮಾತಿಗೂ ನನ್ನ ಬೈಕಿನಂತೆ ನಡುದಾರಿಯಲ್ಲಿ ನಿಲ್ಲುವ ಚಾಳಿ ಉಂಟು.

ನಾನು ಕಾಸರಗೋಡಿನ ಕಡೆ, ಕುಂಬಳೆ ಬಳಿಯ ಅನಂತಪುರದ ಹತ್ತಿರದ ಒಂದು ಸರಕಾರಿ ಮೃಗಾಸ್ಪತ್ರೆಯಲ್ಲಿ ಲೈವ್‌ಸ್ಟಾಕ್ ಇನ್‌ಸ್ಪೆಕ್ಟರ್ ಆಗಿದ್ದವನು. ನಿವೃತ್ತನಾಗಿ ಎರಡು ವರ್ಷವಾಯಿತು. ಹುದ್ದೆಯ ಹೆಸರು ಕೇಳಿದರೆ ಟೋಪಿ, ಲಾಠಿ ಇರಬೇಕು ಅನ್ನಿಸುತ್ತದೆ. ಇದ್ದದ್ದು ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ಮತ್ತು ನೈಟ್ರೋಜನ್ ತುಂಬಿದ ಒಂದು ಕ್ಯಾನು. ಆ ಕ್ಯಾನಿನ ಕೊರೆಯುವ ಚಳಿಯಲ್ಲಿ ಒಳ್ಳೆಯ ತಳಿಯ ಹೋರಿಗಳ ವೀರ್ಯ ಸಣ್ಣ ಸಣ್ಣ ಕಡ್ಡಿಗಳಲ್ಲಿ ಭದ್ರವಾಗಿರುತ್ತಿತ್ತು. ಯಾರ ಮನೆಯ ದನ ಬೆದೆಗೆ ಬಂತೆಂದು ಫೋನು ಬಂದರೂ ಬೈಕಿನ ಬದಿಗೆ ಕ್ಯಾನು ಕಟ್ಟಿಕೊಂಡು ಹೊರಡುವುದು. ಊರಿನವರು ನನ್ನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಸುಮ್ಮನಾದೆ, ಇನ್ನೂ ಆಮೇಲೆ ಯಾರಾದರೂ ಹಾಗೆ ಕರೆಯದಿದ್ದರೆ ಸಣ್ಣಗೆ ಬೇಸರವಾಗತೊಡಗಿತು.

ಬೈಕು ಕೆಂಪು ಬಣ್ಣದ್ದು, ನೂರು ಸಿಸಿಯದು, ಕಾರ್ಬೊರೇಟರಿನ ಕಾಲದ್ದು. ಮದುವೆಗೆ ಒಂದು ತಿಂಗಳ ಮೊದಲು ಕೊಂಡದ್ದು. ಹುಡುಗಿ ನೋಡಲು ಹೋದಾಗ ಇರಲಿಲ್ಲ, ನಿಶ್ಚಿತಾರ್ಥಕ್ಕೆ ಬಂದಿತ್ತು. ವಾರಿಜಳ ತಾಯಿ ನನಗಿಂತ ಹೆಚ್ಚು ಹೊತ್ತು ಬೈಕನ್ನೇ ನೋಡಿದ್ದರು. ಮೂವತ್ತು ವರ್ಷ ಅದರ ಮೇಲೆ ಕುಳಿತು ನಾನು ನೋಡದ ದನದ ಹಟ್ಟಿ ಈ ಕಡೆ ಇಲ್ಲ. ಕೊನೆಕೊನೆಗೆ ಅದಕ್ಕೆ ಪೆಟ್ರೋಲು, ಸೆಗಣಿ ಮತ್ತು ಡೆಟ್ಟಾಲು ಸೇರಿದ ಒಂದು ವಾಸನೆ ಬಂದುಬಿಟ್ಟಿತ್ತು. ನಾಯಿಗಳು ದೂರದಿಂದಲೇ ಗುರುತು ಹಿಡಿದು ಬೊಗಳುತ್ತಿದ್ದವು, ದನಗಳು ಹಗ್ಗ ಎಳೆಯುತ್ತಿದ್ದವು.

ಈ ಬೈಕಿಗೆ ಒಬ್ಬನೇ ಮೆಕ್ಯಾನಿಕ್, ಮೊಗ್ರಾಲಿನ ಮೊಯ್ದು. ಒಂದನೇ ಕ್ಲಾಸಿನಿಂದ ಹತ್ತರವರೆಗೆ ಕನ್ನಡ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕುಳಿತವನು. ಅವನ ಮನೆಯ ಮಾತು ಬ್ಯಾರಿ, ನಮ್ಮ ಮನೆಯದು ತುಳು. ನಾವಿಬ್ಬರೂ ಜಗಳವಾಡಿದ್ದು, ರಾಜಿಯಾದದ್ದು ಎಲ್ಲ ಶಾಲೆಯ ಕನ್ನಡದಲ್ಲಿ. ಅದರಿಂದಲೋ ಏನೋ, ಈಗಲೂ ಅವನಿಗೆ ಕೋಪ ಬಂದರೆ ಸ್ವಲ್ಪ ಪಠ್ಯಪುಸ್ತಕದ ಹಾಗೆ ಮಾತನಾಡುತ್ತಾನೆ.

ಮೊಯ್ದುವಿಗೂ ಪೈಪಿಗೂ ನಂಟು ಮೊದಲಿನಿಂದ. ಬಪ್ಪಂಗಾಯಿ ಎಲೆಯ ದಂಟು ಗೊತ್ತಲ್ಲ, ಪಪ್ಪಾಯದ್ದು, ಒಳಗೆ ಟೊಳ್ಳು. ಅದನ್ನು ಬಗ್ಗಿಸಿ ಒಂದು ಬಾಲ್ದಿಯ ನೀರನ್ನು ಇನ್ನೊಂದಕ್ಕೆ ಇಳಿಸುವ ಆಟವನ್ನು ಅವನೇ ನಮಗೆಲ್ಲ ಕಲಿಸಿದ್ದು. ಒಂದು ಸಲ ರೇಶನ್ ಅಂಗಡಿಯಿಂದ ತಂದ ಸೀಮೆಎಣ್ಣೆಯನ್ನು ಕ್ಯಾನಿನಿಂದ ಬಾಟ್ಲಿಗೆ ಇಳಿಸಬೇಕಾಗಿತ್ತು. ದಂಟು ಹಾಕಿ ಬಾಯಿಂದ ಎಳೆ, ಎಣ್ಣೆ ಬಾಯಿಗೆ ಬರುವ ಮೊದಲು ನಾನು ಹೇಳುತ್ತೇನೆ ಎಂದೆ. ದಂಟಿನೊಳಗೆ ಎಣ್ಣೆ ಎಲ್ಲಿಗೆ ಬಂತೆಂದು ಹೊರಗೆ ನಿಂತವನಿಗೆ ಕಾಣುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಅವನು ಎರಡು ದಿನ ಬಾಯಿ ತೆರೆದಾಗಲೆಲ್ಲ ಕ್ಲಾಸಿನಲ್ಲಿ ಲಾಟೀನು ಹಚ್ಚಿದ ವಾಸನೆ. ನನ್ನ ಹೆಸರು ಮಾತ್ರ ಹೇಳಲಿಲ್ಲ. ಹೇಳುವ ಸ್ವಭಾವ ಅವನದಲ್ಲ.

ಮುಂದೆ ಅವನು ಮೆಕ್ಯಾನಿಕ್ ಆದ. ಅದರಲ್ಲೂ ಕಾರ್ಬೊರೇಟರಿನ ಕೆಲಸಕ್ಕೆ ಅವನ ಕೈಯೇ ಆಗಬೇಕು ಎಂದು ಕುಂಬಳೆಯಿಂದ, ಕಾಸರಗೋಡಿನಿಂದ ಜನ ಬರುತ್ತಿದ್ದರು. ಇಂಜಿನ್ನಿಗೆ ಪೆಟ್ರೋಲು ಹಾಯಿಸುವ ಸಣ್ಣ ಹಿತ್ತಾಳೆ ಜೆಟ್ಟನ್ನು ತೊಳೆದು, ಬಾಯಿಂದ ಊದಿ, ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ತೂತಿನಲ್ಲಿ ಬೆಳಕು ಬರುತ್ತದೋ ಎಂದು ನೋಡುವುದು ಅವನ ಕ್ರಮ. ಹೆದ್ದಾರಿ ಅಗಲವಾದ ಮೇಲೆ ಅವನ ಅಂಗಡಿ ಹಿಂದೆ ಸರಿದು ಸರ್ವಿಸ್ ರಸ್ತೆಯ ಪಕ್ಕಕ್ಕೆ ಬಂತು. ಜಾಗ ಚಿಕ್ಕದಾಯಿತು, ಆದರೆ ಎದುರಿನ ಬೆಂಚು ಹಾಗೆಯೇ ಉಳಿಯಿತು. ಅದರಲ್ಲಿ ಒಬ್ಬ ಖಾಯಂ ಸದಸ್ಯ, ನಿವೃತ್ತ ಪೋಸ್ಟ್‌ಮ್ಯಾನ್ ಐತಪ್ಪಣ್ಣ; ಮತ್ತೆ ಬಸ್ಸು ತಪ್ಪಿದವರು, ಬಸ್ಸಿಗೆ ಹೊರಡದವರು.

ನನ್ನ ಸೇವೆಯ ಕೊನೆಯ ವರ್ಷದ ಮಳೆಗಾಲದಲ್ಲಿ ಪೆಟ್ರೋಲಿಗೆ ನೀರು ಸೇರಿ ಬೈಕು ಕೆಮ್ಮತೊಡಗಿತು. ಮೊಯ್ದು ಕಾರ್ಬೊರೇಟರ್ ಬಿಚ್ಚಿ, ನೀರು ಬಸಿದು, ಜೋಡಿಸಿ ಕೊಟ್ಟ. ಸರಿಯಾಯಿತು. ಅದಾಗಿ ಒಂದು ವಾರಕ್ಕೆ ಹೊಸ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಆರು ಕಿಲೋಮೀಟರು ಹೂವಿನ ಹಾಗೆ ಓಡುತ್ತದೆ. ಏಳನೆಯದರಲ್ಲಿ ಶಕ್ತಿ ಕುಂದುತ್ತದೆ, ನಿದ್ದೆ ಬಂದವರ ಹಾಗೆ ತೂಕಡಿಸುತ್ತದೆ, ರಸ್ತೆ ಬದಿಗೆ ತರುವಷ್ಟರಲ್ಲಿ ಉಸಿರು ನಿಲ್ಲಿಸುತ್ತದೆ. ನಾನು ಇಳಿದು, ಪೆಟ್ರೋಲ್ ಉಂಟೋ ಇಲ್ಲವೋ ಎಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಬೈಕನ್ನು ಎರಡು ಸಲ ಅಲ್ಲಾಡಿಸಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗದವರ ಹಾಗೆ ಹೊರಡುತ್ತದೆ. ಮತ್ತೆ ಏಳು ಕಿಲೋಮೀಟರು.

ಮೊಯ್ದುವಿನ ಅಂಗಡಿಗೆ ಎರಡು ಸಲ ಹೋದೆ. ಅವನು ಟ್ಯಾಂಕು ಇಳಿಸಿ, ಮುಚ್ಚಳ ತೆಗೆದು, ಪೆಟ್ರೋಲು ಸುರಿದು ತೊಳೆದು, ಕಾರ್ಬೊರೇಟರ್ ಬಿಚ್ಚಿ ನೋಡಿ, ಅಂಗಡಿಯ ಎದುರು ಸ್ಟಾರ್ಟ್ ಮಾಡಿ ತೋರಿಸಿದ. ಗಡಿಯಾರದ ಹಾಗೆ ನಡೆಯಿತು. ಮನೆಗೆ ಹೋಗುವ ದಾರಿಯಲ್ಲಿ ಏಳನೇ ಕಿಲೋಮೀಟರಿಗೆ ನಿಂತಿತು. ಮೂರನೆಯ ಸಲ ಹೋದ ದಿನ ನನ್ನ ತಲೆ ಸರಿ ಇರಲಿಲ್ಲ. ಬೆಳಿಗ್ಗೆ ಒಂದು ಮನೆಗೆ ತಲುಪಲು ತಡವಾಗಿ, ಆ ಮನೆಯವರು ಬೇರೆಯವರನ್ನು ಕರೆಸಿದ್ದರು. ನಾನು ಅಂಗಳದಿಂದಲೇ ಹಿಂದಿರುಗಿದ್ದೆ. ಆ ಸಿಟ್ಟನ್ನೆಲ್ಲ ಕಟ್ಟಿಕೊಂಡು ಬಂದು ಮೊಯ್ದುವಿನ ಎದುರು ಬಿಚ್ಚಿದೆ. ಬೆಂಚಿನಲ್ಲಿ ಐತಪ್ಪಣ್ಣ, ಇನ್ನೂ ಮೂರು ನಾಲ್ಕು ಮಂದಿ.

"ನೀನು ಕಾರ್ಬೊರೇಟರ್ ಬಿಚ್ಚಿದ ಮೇಲೆಯೇ ಇದು ಶುರುವಾದದ್ದು," ಎಂದೆ. "ನಿನ್ನ ಕೈಗೆ ವಯಸ್ಸಾಯ್ತು ಮೊಯ್ದು. ಆಗದಿದ್ರೆ ಆಗುದಿಲ್ಲ ಅಂತ ಹೇಳ್ಬೇಕು."

ಅವನು ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡ. ಹಳೆಯ ಬಟ್ಟೆಯ ತುಂಡಿನಲ್ಲಿ ಒಂದೊಂದೇ ಬೆರಳು ಒರೆಸಿದ. ಆಮೇಲೆ ಕೀಯನ್ನು ನನ್ನ ಕೈಗಿಟ್ಟು, ಶಾಲೆಯ ಕನ್ನಡದಲ್ಲಿ, "ಬೇರೆ ಯಾರಿಗಾದರೂ ತೋರಿಸು," ಎಂದ.

ನಾಲ್ಕು ತಿಂಗಳು ನಾನು ಆ ಅಂಗಡಿಯ ಎದುರು ಹೋಗಲಿಲ್ಲ. ಹೋಗಲೇಬೇಕಾದಾಗ ಮೇಲಿನ ಹೆದ್ದಾರಿಯಲ್ಲಿ ಹೋದೆ.

ಕಾಸರಗೋಡು ಪೇಟೆಯ ಬೇರೆ ಬೇರೆ ಮೆಕ್ಯಾನಿಕ್ಕುಗಳು ನನ್ನ ಬೈಕನ್ನು ನೋಡಿದರು. ಒಬ್ಬ ಪೆಟ್ರೋಲಿನ ಪೈಪು ಬದಲಿಸಿದ. ಒಬ್ಬ ಟ್ಯಾಂಕಿನ ಕೆಳಗಿನ ಟ್ಯಾಪು ಬದಲಿಸಿದ. ಇನ್ನೊಬ್ಬ ಫಿಲ್ಟರು ಹಾಕಿದ, ಅವನ ನಂತರದವನು ಆ ಫಿಲ್ಟರೇ ರೋಗ ಎಂದು ತೆಗೆದ. ಪ್ಲಗ್ ಬಿಸಿಯಾಗುತ್ತದೆ ಎಂದವರುಂಟು, ಈಗಿನ ಪೆಟ್ರೋಲು ಹಳೆಯ ಬೈಕಿಗೆ ಹಿಡಿಸುವುದಿಲ್ಲ ಎಂದವರುಂಟು. ಎಲ್ಲರ ಮಾತೂ ಸರಿಯೆಂದು ಕಾಣುತ್ತಿತ್ತು, ಏಳು ಕಿಲೋಮೀಟರಿನವರೆಗೆ. ನನಗೆ ನನ್ನ ಮನೆಯಿಂದ ಏಳು ಕಿಲೋಮೀಟರು ದೂರದ ಎಲ್ಲ ದಿಕ್ಕುಗಳ ಪರಿಚಯ ಚೆನ್ನಾಗಿ ಆಯಿತು. ಒಂದು ಕಡೆ ಗೇರುಮರದ ನೆರಳು, ಒಂದು ಕಡೆ ಚಾ ಅಂಗಡಿ, ಒಂದು ಕಡೆ ಬರೇ ಕೆಂಪು ಮುರಕಲ್ಲಿನ ಬಯಲು. ಚಾ ಅಂಗಡಿಯವನು ನನ್ನ ಬೈಕಿನ ಶಬ್ದ ಸಣ್ಣದಾಗುವುದು ಕೇಳಿದ ಕೂಡಲೇ ಗ್ಲಾಸು ತೊಳೆಯುತ್ತಿದ್ದ. ವಾರಿಜ ಮಾತ್ರ, ಅದಕ್ಕೂ ನಿಮ್ಮೊಟ್ಟಿಗೇ ಪೆನ್ಶನ್ ಆಗ್ಬೇಕಂತ ಕಾಣ್ತದೆ, ಗುಜರಿಗೆ ಕೊಟ್ಟುಬಿಡಿ ಎಂದಳು. ನಾನೂ ಅರ್ಧ ಮನಸ್ಸು ಮಾಡಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಕುಸುಮಕ್ಕನ ಫೋನು ಬಂತು. ಒಳನಾಡಿನಲ್ಲಿ ಹೊಳೆಯ ಬದಿಗೆ ಅವರ ಮನೆ. ಎಪ್ಪತ್ತರ ಹತ್ತಿರದ ಹೆಂಗಸು, ಒಂದೇ ದನ. ಸೊಸೈಟಿಗೆ ಹಾಲು ಹಾಕುವುದು ಅವರ ಅಭಿಮಾನದ ಕೆಲಸ. ಮನೆಯಲ್ಲಿ ಎಲ್ಲರೂ ಸಾಕು ಎಂದರೂ ಬಿಟ್ಟಿರಲಿಲ್ಲ. ಆದರೆ ಆ ದನಕ್ಕೆ ನಾನು ಎರಡು ಸಲ ಗರ್ಭಧಾರಣೆಯ ಇಂಜೆಕ್ಷನ್ ಕೊಟ್ಟಿದ್ದರೂ ಗಬ್ಬ ನಿಂತಿರಲಿಲ್ಲ. ಇದು ಮೂರನೆಯ ಸಲ. ಈ ಸಲ ಆಗದಿದ್ದರೆ ದನವನ್ನು ಕೊಟ್ಟುಬಿಡುವುದೆಂದು ಮನೆಯವರಿಗೆ ಮಾತು ಕೊಟ್ಟಿದ್ದೇನೆ, ನಿನ್ನೆ ಸಂಜೆಯಿಂದ ಕೂಗುತ್ತಾ ಉಂಟು, ತಡ ಮಾಡಬೇಡಿ ಎಂದರು.

ಬೆದೆಗೆ ಬಂದ ದನ ಕಾಯುವುದಿಲ್ಲ. ನಾನು ಕ್ಯಾನು ಕಟ್ಟಿಕೊಂಡು ಹೊರಟೆ. ಅವರ ಮನೆ ಏಳು ಕಿಲೋಮೀಟರಿಗಿಂತ ಸ್ವಲ್ಪ ಆಚೆ ಎಂಬುದು ನನಗೂ ಗೊತ್ತಿತ್ತು, ಬೈಕಿಗೂ ಗೊತ್ತಿತ್ತು. ಅವರ ಗೇಟು ಕಾಣುವ ಏರಿನಲ್ಲಿ ಅದು ನಿಂತಿತು. ಅವಸರದಲ್ಲಿ ಮುಚ್ಚಳ ತೆಗೆದು ನೋಡುವ ಶಾಸ್ತ್ರವನ್ನೂ ಮಾಡದೆ ಕಿಕ್ ಹೊಡೆದೆ, ಹೊಡೆದೆ, ಕಾಲು ಸೋಲುವವರೆಗೆ ಹೊಡೆದೆ. ಜಗ್ಗಲಿಲ್ಲ. ಕೊನೆಗೆ ತಳ್ಳಿಕೊಂಡೇ ಅಂಗಳಕ್ಕೆ ಹತ್ತಿಸಿದೆ. ಕುಸುಮಕ್ಕ ಹಟ್ಟಿಯ ಬಾಗಿಲಲ್ಲಿ ದನದ ಬೆನ್ನು ಸವರುತ್ತ ನಿಂತಿದ್ದರು. ನನ್ನ ಅವತಾರ ನೋಡಿ ಮೊದಲು ನೀರು ಕುಡಿಯಿರಿ ಎಂದರು. ಮೊದಲು ದನ ಎಂದೆ. ಹೊತ್ತು ಮೀರಿರಲಿಲ್ಲ. ಕೆಲಸ ಮುಗಿಸಿ, ಕೈ ತೊಳೆದು, ಜಗಲಿಯಲ್ಲಿ ಕುಳಿತೆ.

ಅವರು ಚಾ ತಂದಿಟ್ಟು, ಮಿಲ್ಲಿನಿಂದ ಬಂದಿದ್ದ ತೆಂಗಿನೆಣ್ಣೆಯ ದೊಡ್ಡ ಟಿನ್ನನ್ನು ತೆರೆಯಲು ಕುಳಿತರು. ಮೊಳೆ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು. ಮೂಲೆಯಲ್ಲಿ ತೂತಾಯಿತು. ಟಿನ್ನು ಬಗ್ಗಿಸಿದರೆ ಎಣ್ಣೆ ಗುಳುಕ್ ಎಂದು ಒಂದಿಷ್ಟು ಬಂದು ನಿಂತಿತು, ಮತ್ತೆ ಗುಳುಕ್, ಮತ್ತೆ ನಿಂತಿತು. ಅವರು ಟಿನ್ನನ್ನು ನೆಟ್ಟಗೆ ಇಟ್ಟು ಎದುರು ಮೂಲೆಗೆ ಇನ್ನೊಂದು ಪೆಟ್ಟು ಕೊಟ್ಟರು. ಕಸ ಬೀಳುವುದಕ್ಕೆ ಯಾಕೆ ಇನ್ನೊಂದು ದಾರಿ ಎಂದು ನಾನು ಸುಮ್ಮನೆ ಮಾತಿಗೆ ಕೇಳಿದೆ.

"ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರುದು ಹೇಗೆ ಡಾಕ್ಟ್ರೇ?" ಎಂದರು ಕುಸುಮಕ್ಕ. ಟಿನ್ನು ಬಗ್ಗಿಸಿದರು. ಎಣ್ಣೆ ಈಗ ನೂಲಿನ ಹಾಗೆ, ತುಂಡಾಗದೆ, ಶಬ್ದವಿಲ್ಲದೆ ಇಳಿಯಿತು.

ನನ್ನ ಚಾ ಅರ್ಧದಲ್ಲೇ ಉಳಿಯಿತು. ಎದ್ದು ಹೋಗಿ ಟ್ಯಾಂಕಿನ ಮುಚ್ಚಳಕ್ಕೆ ಕೀ ಹಾಕಿ ತಿರುಗಿಸಿದೆ. 'ಉಶ್' ಎಂದು ಗಾಳಿ ಒಳಗೆ ನುಗ್ಗಿತು. ಈ ಶಬ್ದವನ್ನು ನಾನು ನಾಲ್ಕು ತಿಂಗಳಿನಿಂದ ಕೇಳುತ್ತಲೇ ಇದ್ದೆ. ಬೈಕಿನ ನಿಟ್ಟುಸಿರೆಂದುಕೊಂಡಿದ್ದೆ.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳಬೇಕು. ಪೆಟ್ರೋಲಿಗೆ ನೀರು ಸೇರಿದಾಗ ಮೊಯ್ದು, ಎಲ್ಲಿಂದಲೋ ಮಳೆನೀರು ಇಳಿಯುತ್ತಾ ಉಂಟು ನೋಡು ಎಂದಿದ್ದ. ನಾನು ಮನೆಗೆ ಬಂದು ನೋಡಿದೆ. ಮುಚ್ಚಳದ ನಡುವೆ ಸೂಜಿಮೊನೆಯಷ್ಟು ಒಂದು ತೂತು ಕಾಣಿಸಿತು. ಕಳ್ಳ ಸಿಕ್ಕಿದ ಎಂದು ಹಿಗ್ಗಿ, ಪೈಪು ಸೋರಿದರೆ ಎರಡು ಬಣ್ಣದ ಅಂಟುಹಿಟ್ಟನ್ನು ಕಲಸಿ ಮೆತ್ತುತ್ತಾರಲ್ಲ, ಅದನ್ನು ತಂದು ಮೆತ್ತಿದೆ. ಕೆಲಸ ಅಚ್ಚುಕಟ್ಟಾಗಲಿ ಎಂದು ಮೇಲಿನಿಂದ ಒಂದು ಕೈ ಕಪ್ಪು ಬಣ್ಣವನ್ನೂ ಬಳಿದೆ. ಆ ತೂತು ಇರುವುದು ನೀರು ಬರಲಿಕ್ಕಲ್ಲ, ಗಾಳಿ ಬರಲಿಕ್ಕೆ. ಗಾಳಿ ಬರದಿದ್ದರೆ ಪೆಟ್ರೋಲು ಇಳಿಯುತ್ತ ಇಳಿಯುತ್ತ ಟ್ಯಾಂಕಿನೊಳಗೆ ಎಳೆತ ಹುಟ್ಟಿ, ಕೊನೆಗೆ ಒಂದು ಹನಿಯೂ ಕಾರ್ಬೊರೇಟರಿಗೆ ಇಳಿಯುವುದಿಲ್ಲ. ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಎಲ್ಲ ಸರಿಯಾಗುತ್ತದೆ. ಅಂಗಡಿಯಲ್ಲಿ ಮೊಯ್ದು ಪ್ರತಿ ಸಲವೂ ಮುಚ್ಚಳ ತೆಗೆದೇ ಕೆಲಸ ಮಾಡುತ್ತಿದ್ದ. ಮತ್ತೆ ರೋಗ ಅವನಿಗೆ ಕಾಣುವುದು ಹೇಗೆ? ತೂತು ಮುಚ್ಚಿದ್ದನ್ನು ನಾನು ಮರೆತಿರಲಿಲ್ಲ. ಅದನ್ನು ನಾನು ಬೈಕಿಗೆ ಮಾಡಿದ ಉಪಕಾರಗಳ ಸಾಲಿನಲ್ಲಿ ಇಟ್ಟಿದ್ದೆ, ರೋಗದ ಕಾರಣವನ್ನು ಅಪಕಾರಗಳ ಸಾಲಿನಲ್ಲಿ ಹುಡುಕುತ್ತಿದ್ದೆ.

ಇನ್ನೂ ನಾಚಿಕೆಯ ಸಂಗತಿ ಒಂದುಂಟು. ನೈಟ್ರೋಜನ್ ಕ್ಯಾನಿನ ಮುಚ್ಚಳವನ್ನು ಎಂದೂ ಬಿಗಿಯಾಗಿ ಮುಚ್ಚಬಾರದು, ಒಳಗಿನ ಅನಿಲ ಹೊರಗೆ ಬರಲು ದಾರಿ ಇರಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಹೊಸದಾಗಿ ಸೇರಿದವರಿಗೆ ಅದನ್ನು ಮೂವತ್ತು ವರ್ಷ ಬೆರಳೆತ್ತಿ ಹೇಳಿಕೊಟ್ಟವನು ನಾನೇ. ಆ ಕ್ಯಾನು ಪ್ರತಿದಿನ ಈ ಮುಚ್ಚಳದಿಂದ ಒಂದು ಮೊಳ ದೂರದಲ್ಲಿ ತೂಗಾಡುತ್ತಿತ್ತು.

ಕುಸುಮಕ್ಕನ ಮೊಳೆಯಿಂದಲೇ ಗಟ್ಟಿಯಾದ ಹಿಟ್ಟನ್ನು ಒಡೆದೆ. ಒಳಗಿನದನ್ನು ಬಿಡಿಸಲು ಅವರ ಸೊಸೆಯ ಹೊಲಿಗೆ ಡಬ್ಬಿಯಿಂದ ಒಂದು ಸೂಜಿ ಕೊಟ್ಟರು. ಅದನ್ನು ಹಿಂದಕ್ಕೆ ಕೊಡಲು ಮರೆತೆ, ಅದೇ ಈ ಸೂಜಿ. ಒಂದೇ ಕಿಕ್ಕಿಗೆ ಬೈಕು ಹೊರಟಿತು. ನಾನು ಮನೆಗೆ ಬರದೆ ಕಾಸರಗೋಡಿಗೆ ಹೋದೆ, ಅಲ್ಲಿ ಯಾವ ಕೆಲಸವೂ ಇಲ್ಲದೆ ರೈಲ್ವೇ ಸ್ಟೇಷನ್ನಿನ ಎದುರು ಒಂದು ಸುತ್ತು ಹಾಕಿ ಹಿಂದೆ ಬಂದೆ. ಎಲ್ಲೂ ನಿಲ್ಲಲಿಲ್ಲ. ಏಳಾಯಿತು, ಎಂಟಾಯಿತು, ಹದಿನೈದಾಯಿತು. ಐವತ್ತೈದು ದಾಟಿದವನು ಹೆಲ್ಮೆಟ್ಟಿನ ಒಳಗೆ ಹಾಡು ಗುನುಗಿದರೆ ಯಾರಿಗೂ ಕೇಳುವುದಿಲ್ಲ. ಮೊಗ್ರಾಲಿನ ಸೇತುವೆ ಬಂದಾಗ ಹಾಡು ತಾನಾಗಿ ನಿಂತಿತು.

(ಕುಸುಮಕ್ಕನ ದನದ ಸುದ್ದಿ ಕೇಳುವವರು ಇರಬಹುದು. ಆ ಸಲ ಗಬ್ಬ ನಿಂತಿತು. ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು.)

ಮೊಯ್ದುವಿಗೆ ಹೇಳಬೇಕು ಎಂದು ಅಂದೇ ತೀರ್ಮಾನಿಸಿದೆ. ತೀರ್ಮಾನಿಸಿ ನಾಲ್ಕು ದಿನ ಆ ಕಡೆ ಹೋಗದೆ ಉಳಿದೆ. ಫೋನು ಮಾಡಿದರೆ ಸಾಕಲ್ಲವೇ ಎಂದು ವಾರಿಜಳನ್ನು ಕೇಳಿದೆ. ಅವಳು ಬಸಳೆ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ಬೈಯುವಾಗ ನಾಲ್ಕು ಜನರ ಎದುರು ಬೈದದ್ದಲ್ವಾ," ಎಂದಳು. "ಈಗ ಫೋನಿನಲ್ಲಿ ಗುಟ್ಟಾಗಿ ಹೇಳಿದ್ರೆ ಆಗ್ತದಾ?"

ಮರುದಿನ ಹತ್ತು ಗಂಟೆಗೆ, ಬೆಂಚು ತುಂಬಿರುವ ಹೊತ್ತು ನೋಡಿ ಹೋದೆ. ಅಂಗಡಿಯ ಎದುರು ಒಬ್ಬ ಹಳೆಯ ಸ್ಕೂಟರು ನಿಲ್ಲಿಸಿಕೊಂಡು ಏನೋ ಬೇಡುತ್ತಿದ್ದ. ಮೊಯ್ದು ಸೈಕಲ್ಲಿನ ಚಕ್ರಕ್ಕೆ ಗಾಳಿ ಹಾಕುತ್ತಿದ್ದವನು, ಕಾರ್ಬೊರೇಟರಿನ ಕೆಲಸ ಈಗ ಮಾಡುವುದಿಲ್ಲ, ಕಾಸರಗೋಡಿಗೆ ತೆಗೆದುಕೊಂಡು ಹೋಗಿ ಎಂದ. ನನಗೆ ಅರ್ಥವಾಗಲಿಲ್ಲ. ಬೆಂಚಿನ ತುದಿಯಲ್ಲಿದ್ದ ಐತಪ್ಪಣ್ಣ ನನ್ನ ಕಡೆ ಬಾಗಿ, ಅವತ್ತಿನಿಂದ ಅವ ಅದನ್ನು ಮುಟ್ಟುವುದೇ ಇಲ್ಲ, ಪಂಕ್ಚರು, ಚೈನು, ಆಯಿಲು ಅಷ್ಟೇ ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ನಾನು ಅಂದುಕೊಂಡಿದ್ದದ್ದು, ನನ್ನ ಮಾತಿಗೆ ಅವನಿಗೆ ಸಿಟ್ಟು ಬಂದಿದೆ ಎಂದು. ಸಿಟ್ಟಾದರೆ ಇಳಿಯುತ್ತದೆ. ಅವನು ನನ್ನ ಮಾತನ್ನು ನಂಬಿಬಿಟ್ಟಿದ್ದ.

ಸಿದ್ಧ ಮಾಡಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. ಟ್ಯಾಂಕಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬೆಂಚಿನವರಿಗೂ ಕೇಳುವಂತೆ, ಹಿಟ್ಟು ಮೆತ್ತಿದ್ದು, ಬಣ್ಣ ಬಳಿದದ್ದು, ಕುಸುಮಕ್ಕನ ಟಿನ್ನು, ಒಂದನ್ನೂ ಬಿಡದೆ ಹೇಳಿದೆ. ರೋಗ ನನ್ನ ಕೈಯಿಂದ ಬಂದದ್ದು, ಅವನ ಕೈಯಿಂದಲ್ಲ ಎಂದೆ. ಮೊಯ್ದು ಪಂಪು ಕೆಳಗಿಟ್ಟು ಬಂದು ಮುಚ್ಚಳ ತೆಗೆದುಕೊಂಡ. ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ತೂತಿನಲ್ಲಿ ನೋಡಿದ. ಬಹಳ ಹೊತ್ತು ನೋಡಿದ.

"ನಿನ್ನ ಕಾರ್ಬೊರೇಟರನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಬಿಚ್ಚಿ ಜೋಡಿಸಿದ್ದೇನೆ ಗೊತ್ತುಂಟಾ ದಾಮು," ಎಂದ. "ಎಲ್ಲಿ ತಪ್ಪಿದೆ ಅಂತ ಸಿಕ್ಕಲೇ ಇಲ್ಲ."

"ತಪ್ಪು ನಂದು ಮಾರಾಯ. ಅವತ್ತು ಹೇಳಿದ್ದೂ ತಪ್ಪು."

"ನನ್ನ ಕಣ್ಣಿಗೂ ಬೀಳ್ಬೇಕಿತ್ತು ಅದು."

"ಬೀಳದ ಹಾಗೆ ನಾನೇ ಬಣ್ಣ ಹೊಡೆದದ್ದಲ್ವಾ."

ಐತಪ್ಪಣ್ಣ ಮೊದಲು ನಕ್ಕದ್ದು. ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು. ಮೊಯ್ದು ನಗಲಿಲ್ಲ, ಆದರೆ ಮುಚ್ಚಳವನ್ನು ತಾನೇ ಟ್ಯಾಂಕಿಗೆ ಹಾಕಿ, ಕೀ ತಿರುಗಿಸಿ, ಅಂಗೈಯಿಂದ ಅದರ ಮೇಲೆ ಎರಡು ಸಲ ತಟ್ಟಿದ. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಕಿಕ್ ಹೊಡೆಯುವ ಶಬ್ದ ಕೇಳಿತು. ಆ ಸ್ಕೂಟರಿನವನು ಹೋಗಿರಲಿಲ್ಲ, ಹೋಗಲು ಅವನ ಸ್ಕೂಟರು ಒಪ್ಪಿರಲಿಲ್ಲ. ಮೊಯ್ದು ಸ್ವಲ್ಪ ಹೊತ್ತು ತಲೆ ವಾರೆ ಮಾಡಿ ಆ ಶಬ್ದ ಕೇಳಿದ. ಕೈಗಳನ್ನು ಬಟ್ಟೆಗೆ ಒರೆಸಿಕೊಂಡ.

"ಇತ್ತ ತನ್ನಿ ಅದನ್ನು," ಎಂದು ಕರೆದ.

ಸ್ಕೂಟರು ನೆರಳಿಗೆ ಬಂತು. ಅವನು ನೆಲದಲ್ಲಿ ಗೋಣಿ ಹಾಸಿ ಕುಳಿತು, ಹಿಂದೆ ನೋಡದೆ ನನ್ನ ಕಡೆಗೆ ಕೈ ಚಾಚಿ ಸ್ಕ್ರೂಡ್ರೈವರ್ ಕೊಡು ಎಂದ. ಕೊಟ್ಟೆ. ಕಾರ್ಬೊರೇಟರಿನ ತಳದ ಬೌಲು ಕಳಚಿದ. ಒಂದು ಸ್ಕ್ರೂ, ಇನ್ನೊಂದು ಸ್ಕ್ರೂ, ಆಮೇಲೆ ಜೋಳದ ಕಾಳಿನಷ್ಟು ಹಿತ್ತಾಳೆಯ ಜೆಟ್ಟು. ಇಡಲು ತಟ್ಟೆ ಹುಡುಕಿದವನು ನನ್ನನ್ನು ನೋಡಿ, "ಕೈ ನೀಡು. ಬೀಳಿಸಬೇಡ," ಎಂದ. ನಾನು ಅಂಗೈ ಚಾಚಿದೆ. ಪೆಟ್ರೋಲಿನಲ್ಲಿ ಒದ್ದೆಯಾದ ಆ ಚೂರುಗಳು ತಣ್ಣಗಿದ್ದವು. ಸರ್ವಿಸ್ ರಸ್ತೆಯಲ್ಲಿ ಬಸ್ಸುಗಳು ಹೋದವು, ಬೆಂಚಿನವರು ಬದಲಾದರು, ನನ್ನ ತೋಳು ನೋಯತೊಡಗಿತು. ಮೊಯ್ದು ಒಂದೊಂದಾಗಿ ತೆಗೆದುಕೊಂಡು, ಊದಿ, ಜೋಡಿಸಿ, ಕೊನೆಯ ಸ್ಕ್ರೂ ನನ್ನ ಅಂಗೈಯಿಂದ ಎತ್ತುವವರೆಗೆ ನಾನು ಕೈಯನ್ನು ಅಲ್ಲಾಡಿಸಲಿಲ್ಲ.